ಸುಮ್ನೆ ದುಡ್ಡು ಬಂದರೆ ಜನ ಕೆಲಸ ಬಿಡ್ತಾರಾ?

ಪ್ರಶ್ನೆ: ನನಗೂ ಅಣ್ಣನಿಗೂ ಒಂದು ವಾದ ಮುಗಿಯುತ್ತಲೇ ಇಲ್ಲ. ಸರ್ಕಾರ ಪ್ರತಿಯೊಬ್ಬರಿಗೂ ತಿಂಗಳಿಗೆ ಇಂತಿಷ್ಟು ಅಂತ ಹಣ ಕೊಟ್ಟರೆ, ಅಂದರೆ ಸಾರ್ವತ್ರಿಕ ಮೂಲ ಆದಾಯ ಜಾರಿಗೆ ಬಂದರೆ, ಯಾರೂ ದುಡಿಯೋಕೆ ಹೋಗಲ್ಲ ಅಂತಾನೆ ಅಣ್ಣ. "ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು" ಅಂತ ಗಾದೆ ಬೇರೆ. ಫಿನ್‌ಲ್ಯಾಂಡ್‌ನಲ್ಲಿ ಮಾಡಿ ನೋಡಿ ಕೈಬಿಟ್ಟರಂತೆ. ಹೊಟ್ಟೆಯ ಚಿಂತೆ ಇಲ್ಲದವನು ಇನ್ನೂ ಚೆನ್ನಾಗಿ ದುಡಿಯುತ್ತಾನೆ ಅನ್ನೋದು ನನ್ನ ಮಾತು. ಯಾರು ಸರಿ? ಇನ್ನೊಂದು, ಸಿಕ್ಕಿದ ದುಡ್ಡನ್ನು ಕುಡಿದೇ ಹಾಳು ಮಾಡ್ತಾರೆ ಅಂತಲೂ ಅಣ್ಣ ಹೇಳ್ತಾನೆ. ಅದಕ್ಕೂ ಉತ್ತರ ಕೊಡಿ.

ಉತ್ತರ: ಅಂಕ ಹಾಕಲೇಬೇಕು ಅಂದರೆ ಸದ್ಯಕ್ಕೆ ನಿಮಗೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಗೆದ್ದೆ ಅಂತ ಈಗಲೇ ಅಣ್ಣನ ಹತ್ತಿರ ಓಡಬೇಡಿ. ಹಣ ಕೈಗೆ ಬಂದ ಮೇಲೂ ಹೆಚ್ಚಿನವರು ಕೆಲಸ ಬಿಡುವುದಿಲ್ಲ. ಇದು ಹಲವು ದೇಶಗಳಲ್ಲಿ ಕಂಡಿದೆ. ಕೆಲವರು ಕೆಲಸ ಕಡಿಮೆ ಮಾಡುತ್ತಾರೆ, ಅದೂ ಕಂಡಿದೆ. ನಿಮ್ಮ ಅಣ್ಣ ಎತ್ತಬಹುದಾಗಿದ್ದ ಗಟ್ಟಿ ಆಕ್ಷೇಪ ಬೇರೆಯೇ ಒಂದಿದೆ. ಅವರು ಅದನ್ನು ಎತ್ತಿಲ್ಲ. ಅವರ ಪರವಾಗಿ ಆಮೇಲೆ ನಾನೇ ಎತ್ತುತ್ತೇನೆ.

ಮೊದಲು ಜಗಳ ಯಾವುದರ ಬಗ್ಗೆ ಅಂತ ನೋಡೋಣ. ಮೂಲ ಆದಾಯ ಎಲ್ಲರಿಗೂ ಬರುತ್ತದೆ, ಷರತ್ತು ಇರುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಮೂರನೆಯ ಅಂಶ: ನೀವು ದುಡಿಯಲು ಶುರು ಮಾಡಿದರೂ ಅದು ನಿಲ್ಲುವುದಿಲ್ಲ. ಬಡವರಿಗೆ, ಕೆಲಸ ಕಳೆದುಕೊಂಡವರಿಗೆ ಅಂತ ಕೊಡುವ ಮಾಮೂಲಿ ನೆರವು ಹಾಗಲ್ಲ. ಸಂಬಳ ಬಂತೋ, ನೆರವು ಕಟ್. ಜನ ಕೆಲಸಕ್ಕೆ ಹೋಗ್ತಾರೋ ಇಲ್ಲವೋ ಅನ್ನುವ ಪ್ರಶ್ನೆಯಲ್ಲಿ ನಾನು ಮೊದಲು ನೋಡುವುದು ಈ ಕತ್ತರಿಯನ್ನು. ಕೊಟ್ಟ ಹಣ ಎಷ್ಟು ಅನ್ನೋದು ಆಮೇಲಿನ ಮಾತು.

ಕತ್ತರಿ ಹೇಗೆ ಕೆಲಸ ಮಾಡುತ್ತದೆ ಅನ್ನೋಕೆ ಒಂದು ಹಳೇ ಉದಾಹರಣೆ. ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರ ಮರೀಂಟಾಲ್ ಅಂತ ಒಂದು ಊರು. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ ಆಧಾರ. ಸುಮಾರು 1930ರ ಹೊತ್ತಿಗೆ ಅದು ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ತಂಡ ಕಟ್ಟಿಕೊಂಡು ಅಲ್ಲಿಗೆ ಹೋದರು, ಮನೆಮನೆಯ ಕಥೆ ಬರೆದುಕೊಂಡರು. ಅಲ್ಲಿ ನಿರುದ್ಯೋಗ ಭತ್ಯೆ ಇತ್ತು. ಆದರೆ ಚಿಲ್ಲರೆ ಕೆಲಸ ಮಾಡಿ ಸಿಕ್ಕಿಬಿದ್ದರೂ ಅದು ಹೋಗುತ್ತಿತ್ತು. ಮರ ಕಡಿಯಲು ಕೈ ಹಾಕಿ ಕೂಲಿಗೆ ಬದಲು ಸೌದೆ ತಂದವನ ಭತ್ಯೆ ನಿಂತಿತು. ಮನೆಮನೆಗೆ ಹಾಲು ಹಾಕಿ, ತನ್ನ ಮಕ್ಕಳಿಗೆ ಅಂತ ಒಂದಿಷ್ಟು ಹಾಲು ಪಡೆದ ಹೆಂಗಸಿಗೂ ಅದೇ ಗತಿ. ಮೌತ್ ಆರ್ಗನ್ ನುಡಿಸಿ ನಾಲ್ಕು ಕಾಸು ಗಳಿಸಿದವನನ್ನೂ ಬಿಡಲಿಲ್ಲ.

ಈಗ ಹೇಳಿ, ಆ ಊರಲ್ಲಿ ಕೈಕಟ್ಟಿ ಕೂತವನು ಸೋಮಾರಿಯೋ, ಲೆಕ್ಕ ಬಲ್ಲವನೋ?

ಫಿನ್‌ಲ್ಯಾಂಡ್ ಪರೀಕ್ಷೆ ಮಾಡಲು ಹೊರಟಿದ್ದೂ ಹೆಚ್ಚುಕಡಿಮೆ ಇದನ್ನೇ. 2017 ಮತ್ತು 2018, ಎರಡು ವರ್ಷ. 25ರಿಂದ 58 ವಯಸ್ಸಿನ ನಿರುದ್ಯೋಗಿಗಳಲ್ಲಿ 2000 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ತಿಂಗಳಿಗೆ 560 ಯೂರೋ. ಕೆಲಸ ಸಿಕ್ಕರೂ ಕೊಡುತ್ತಲೇ ಇದ್ದರು. ಉಳಿದವರಿಗೆ ಹಳೇ ನಿಯಮ: ತಿಂಗಳಿಗೆ 300 ಯೂರೋ ದಾಟಿ ದುಡಿದರೆ, ಅದರ ಮೇಲಿನ ಪ್ರತಿ ಯೂರೋಗೆ ಅರ್ಧ ಯೂರೋ ಭತ್ಯೆಯಲ್ಲಿ ಕಡಿತ. 900 ಯೂರೋ ಸಂಬಳದ ಪಾರ್ಟ್‌ಟೈಂ ಕೆಲಸ ಸಿಕ್ಕಿತು ಅಂದುಕೊಳ್ಳಿ. ಮೊದಲ 300 ಬಿಟ್ಟು ಉಳಿದ 600ರಲ್ಲಿ ಅರ್ಧ, ಅಂದರೆ 300 ಯೂರೋ ಭತ್ಯೆ ಹೋಯಿತು. ತೆರಿಗೆ ಪಕ್ಕಕ್ಕಿಟ್ಟರೂ ಕೈಗೆ ನಿಜವಾಗಿ ಹೆಚ್ಚಾಗಿದ್ದು 600. ಪ್ರಯೋಗದಲ್ಲಿದ್ದವನಿಗೆ ಅದೇ ಕೆಲಸಕ್ಕೆ 900 ಪೂರ್ತಿ.

ಏನಾಯಿತು? ಮೊದಲ ವರ್ಷ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2017ರ ನವೆಂಬರ್‌ನಿಂದ 2018ರ ಅಕ್ಟೋಬರ್‌ವರೆಗಿನ ಲೆಕ್ಕ ತೆಗೆದಾಗ, ಹಣ ಪಡೆದವರು ಸರಾಸರಿ 78 ದಿನ ಕೆಲಸ ಮಾಡಿದ್ದರು. ಇನ್ನೊಂದು ಗುಂಪಿಗಿಂತ ಸುಮಾರು 6 ದಿನ ಜಾಸ್ತಿ. 2018ರಲ್ಲಿ ಸರ್ಕಾರ ಮಾಮೂಲಿ ಭತ್ಯೆಯ ನಿಯಮವನ್ನೂ ಬಿಗಿ ಮಾಡಿತು. ಹಾಗಾಗಿ ಆ 6 ದಿನವನ್ನು ಪೂರ್ತಿ ಮೂಲ ಆದಾಯದ ಖಾತೆಗೆ ಬರೆಯಲು ಬರುವುದಿಲ್ಲ. ಹಣ ಪಡೆದವರ ಮನಸ್ಸು ಮಾತ್ರ ಹಗುರಾಗಿತ್ತು. ಒತ್ತಡ ಕಡಿಮೆ, ನಾಳೆಯ ಬಗ್ಗೆ ನಂಬಿಕೆ ಜಾಸ್ತಿ ಅಂತ ಅವರೇ ಹೇಳಿದರು.

"ಕೈಬಿಟ್ಟರಂತೆ" ಅನ್ನೋದು ಹಾಗಾಗಿ ಪೂರ್ತಿ ನಿಜವಲ್ಲ. ಎರಡು ವರ್ಷಕ್ಕೆ ಅಂತಲೇ ಶುರುವಾದದ್ದು ಎರಡು ವರ್ಷಕ್ಕೆ ಮುಗಿಯಿತು, ಮುಂದುವರಿಸಲಿಲ್ಲ ಅಷ್ಟೇ. ಆದರೆ ಈ ಪ್ರಯೋಗದಲ್ಲಿ ನಿಮಗೂ ಒಂದು ಪೆಟ್ಟಿದೆ. ಕತ್ತರಿ ತೆಗೆದರೂ ಜನ ನುಗ್ಗಿಕೊಂಡು ಕೆಲಸಕ್ಕೆ ಹೋಗಲಿಲ್ಲವಲ್ಲ! ದೀರ್ಘಕಾಲ ಕೆಲಸ ಇಲ್ಲದವನಿಗೆ ಆರೋಗ್ಯ ಕೆಟ್ಟಿರಬಹುದು, ಕಲಿತ ಕಸುಬಿಗೆ ಈಗ ಕೇಳುವವರಿಲ್ಲದಿರಬಹುದು, ಕೆಲಸ ಇರುವ ಊರು ದೂರ ಇರಬಹುದು. ದುಡ್ಡಿನ ಆಸೆ ತೋರಿಸಿದರೂ ಹೆದರಿಕೆ ತೋರಿಸಿದರೂ ಇವು ಸರಿಹೋಗುವುದಿಲ್ಲ. ಉತ್ಸಾಹದ ಬಗ್ಗೆ ನೀವಿಬ್ಬರೂ ಜಗಳ ಆಡುತ್ತಿದ್ದೀರಿ. ಅಲ್ಲಿ ಕೊರತೆ ಇದ್ದದ್ದು ಬಹುಶಃ ಉತ್ಸಾಹದ್ದಲ್ಲ.

ಸೋಮಾರಿಗಳಾಗ್ತಾರೆ ಅನ್ನುವ ಭಯಕ್ಕೂ ಒಂದು ಚರಿತ್ರೆ ಇದೆ. 1795ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಸ್ಪೀನ್‌ಹ್ಯಾಮ್‌ಲ್ಯಾಂಡ್ ಅನ್ನುವ ಕಡೆ ಸ್ಥಳೀಯ ಮ್ಯಾಜಿಸ್ಟ್ರೇಟರು ಒಂದು ಪದ್ಧತಿ ತಂದರು. ಬ್ರೆಡ್ಡಿನ ಬೆಲೆ, ಮನೆಯ ಜನರ ಸಂಖ್ಯೆ ನೋಡಿ, ಕೂಲಿ ಎಷ್ಟು ಸಾಲದೋ ಅಷ್ಟನ್ನು ತುಂಬಿಕೊಡುವುದು. 1834ರಲ್ಲಿ ಒಂದು ಸರ್ಕಾರಿ ಆಯೋಗ, ಈ ನೆರವಿನಿಂದ ಬಡವರು ಹಾಳಾದರು ಅಂತ ವರದಿ ಕೊಟ್ಟಿತು. ಅದರ ಬೆನ್ನಿಗೇ ಬಂದ ಕಠಿಣ ಕಾನೂನು ಬಡವರನ್ನು ವರ್ಕ್‌ಹೌಸ್‌ಗಳಿಗೆ, ಅಂದರೆ ನೆರವು ಬೇಕಾದವರನ್ನು ಒಳಗಿಟ್ಟು ದುಡಿಸುವ ಮನೆಗಳಿಗೆ, ತಳ್ಳಿತು. ಆಯೋಗದವರು ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಸಾಕ್ಷಿ ಹುಡುಕಿದರು ಅಂತ 20ನೇ ಶತಮಾನದಲ್ಲಿ ಮಾರ್ಕ್ ಬ್ಲಾಗ್ ಮುಂತಾದ ಇತಿಹಾಸಕಾರರು ತೋರಿಸಿದ್ದಾರೆ. ಅದೆಲ್ಲ ಬಿಡಿ, ಪದ್ಧತಿಯನ್ನೇ ನೋಡಿ. ಕೂಲಿ ಒಂದು ಕಾಸು ಏರಿದರೆ ನೆರವು ಒಂದು ಕಾಸು ಇಳಿಯುತ್ತದೆ. ಕತ್ತರಿ ಇದಕ್ಕಿಂತ ಹರಿತ ಇರೋಕೆ ಸಾಧ್ಯವಾ? ಮೂಲ ಆದಾಯದ ವಿರುದ್ಧ ಇವತ್ತಿಗೂ ಈ ಉದಾಹರಣೆ ಕೊಡುವವರಿದ್ದಾರೆ. ನನಗಂತೂ ಅದು ಉಲ್ಟಾ ಕಾಣುತ್ತದೆ.

ಸರಿ, ಕೆಲಸ ಕಡಿಮೆ ಮಾಡಿದವರು ಯಾರು? ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಡಾಫಿನ್ ಎಂಬ ಸಣ್ಣ ಪಟ್ಟಣದಲ್ಲಿ 1970ರ ದಶಕದ ನಡುವೆ ಕೆಲವು ವರ್ಷ, ಆದಾಯ ಒಂದು ಮಟ್ಟಕ್ಕಿಂತ ಕೆಳಗಿದ್ದ ಯಾವ ಮನೆಗಾದರೂ ಹಣ ಸಿಗುತ್ತಿತ್ತು. (ಇದರಲ್ಲೂ ಅರ್ಧ ಕತ್ತರಿ ಇತ್ತು. ದುಡಿದ ಪ್ರತಿ ಡಾಲರ್‌ಗೆ 50 ಸೆಂಟ್ ಕಡಿತ. ಹಾಗಾಗಿ ಇದು ಅಪ್ಪಟ ಮೂಲ ಆದಾಯ ಅಲ್ಲ.) ಸರ್ಕಾರ ಬದಲಾಯಿತು, ಕಾಗದಪತ್ರ ಡಬ್ಬ ಸೇರಿ ವರ್ಷಗಟ್ಟಲೆ ದೂಳು ತಿಂದವು. ಎವೆಲಿನ್ ಫೋರ್ಜೆ ಎಂಬ ಅರ್ಥಶಾಸ್ತ್ರಜ್ಞೆ ಆಮೇಲೆ ಅದರ ಬೆನ್ನು ಹತ್ತಿ, ಆ ಕಾಲದ ಆಸ್ಪತ್ರೆ ದಾಖಲೆಗಳನ್ನು ಹೋಲಿಸಿ ನೋಡಿದರು. ಆಸ್ಪತ್ರೆ ಸೇರುವವರ ಪ್ರಮಾಣ ಶೇ. 8.5ರಷ್ಟು ಇಳಿದಿತ್ತು. ಮನೆಗೆ ಮುಖ್ಯವಾಗಿ ದುಡಿಯುವವರು ಕೆಲಸ ಬಿಟ್ಟಿದ್ದು ತೀರಾ ಕಡಿಮೆ. ಕಡಿಮೆ ಮಾಡಿದ್ದು ಎರಡು ಗುಂಪು: ಹಸುಗೂಸಿನ ತಾಯಂದಿರು ಮತ್ತು ಹದಿಹರೆಯದ ಹುಡುಗರು. ಆ ಹುಡುಗರಲ್ಲಿ ಹೈಸ್ಕೂಲಿನ ಕೊನೆಯ ತರಗತಿಗೆ ಸೇರುವವರು ಹೆಚ್ಚಾದರು. ದುಡಿಮೆಯ ಗಂಟೆ ಲೆಕ್ಕ ಹಾಕುವ ಪಟ್ಟಿಯಲ್ಲಿ ಇವರಿಬ್ಬರೂ "ಕೆಲಸ ಕಡಿಮೆ" ಅಂತಲೇ ದಾಖಲಾಗುತ್ತಾರೆ. ಎದೆಹಾಲು ಕುಡಿಸಿದ್ದಕ್ಕೂ ಗಣಿತ ಕಲಿತಿದ್ದಕ್ಕೂ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಖುಷಿ, ನನಗೂ ಖುಷಿ. ಆದರೆ ಅಮೆರಿಕದ ಒಂದು ಇತ್ತೀಚಿನ ಪ್ರಯೋಗ ಇದೆ. ಟೆಕ್ಸಾಸ್ ಮತ್ತು ಇಲಿನಾಯ್ ರಾಜ್ಯಗಳಲ್ಲಿ, 21ರಿಂದ 40 ವಯಸ್ಸಿನ, ಕಡಿಮೆ ಆದಾಯದ 1000 ಜನರಿಗೆ ಮೂರು ವರ್ಷ ತಿಂಗಳಿಗೆ 1000 ಡಾಲರ್ ಕೊಟ್ಟರು. ಹೋಲಿಸಲು ಇನ್ನೊಂದು 2000 ಜನರಿಗೆ 50 ಡಾಲರ್. 2024ರಲ್ಲಿ ಫಲಿತಾಂಶ ಬಂತು. 1000 ಡಾಲರ್ ಪಡೆದವರು ವಾರಕ್ಕೆ ಸರಾಸರಿ 1.3 ಗಂಟೆ ಕಡಿಮೆ ದುಡಿದಿದ್ದರು. ನೂರರಲ್ಲಿ ಸುಮಾರು ಇಬ್ಬರು ದುಡಿಮೆಯಿಂದಲೇ ಹೊರಗೆ ಉಳಿದಿದ್ದರು. ಉಳಿದ ಸಮಯದಲ್ಲಿ ಏನು ಮಾಡಿದರು? ಓದಿದರು, ಒಳ್ಳೇ ಕೆಲಸ ಹುಡುಕಿಕೊಂಡರು ಅಂತ ಬರೆಯಲು ನನಗೂ ಆಸೆ. ಜಾಸ್ತಿ ಆಗಿದ್ದು ಮುಖ್ಯವಾಗಿ ವಿರಾಮದ ಸಮಯ. ಸಿಕ್ಕ ಕೆಲಸದ ಗುಣಮಟ್ಟದಲ್ಲೂ ಹೇಳಿಕೊಳ್ಳುವ ಏರಿಕೆ ಕಾಣಲಿಲ್ಲ. ಫಲಿತಾಂಶ ಇಷ್ಟವಾಗಲಿಲ್ಲ ಅಂತ ಮುಚ್ಚಿಡೋಕಾಗುತ್ತಾ?

ಜರ್ಮನಿಯಲ್ಲಿ ಅದೇ ವಯಸ್ಸಿನ, ಒಬ್ಬರೇ ವಾಸಿಸುವ 122 ಜನರಿಗೆ 2021ರಿಂದ ಮೂರು ವರ್ಷ ತಿಂಗಳಿಗೆ 1200 ಯೂರೋ ಕೊಟ್ಟಾಗ ಹಾಗಾಗಲಿಲ್ಲ. ಅವರು ಹಣ ಸಿಗದವರಷ್ಟೇ, ವಾರಕ್ಕೆ ಸುಮಾರು 40 ಗಂಟೆ, ದುಡಿಯುತ್ತಲೇ ಇದ್ದರು. ಗುಂಪು ಚಿಕ್ಕದು ಅನ್ನೋದನ್ನು ಮರೆಯಬೇಡಿ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು: ದುಡಿಮೆ ಇಳಿಯುವುದು ಸುಳ್ಳಲ್ಲ. ಆದರೆ ವಾರಕ್ಕೆ ಐದು ದಿನ ದುಡಿಯುವವನಿಗೆ ಅದು ದಿನಕ್ಕೆ ಕಾಲು ಗಂಟೆಯ ಲೆಕ್ಕ. ನಿಮ್ಮ ಅಣ್ಣನ "ಯಾರೂ ಹೋಗಲ್ಲ" ಎಲ್ಲಿ, ಈ ಕಾಲು ಗಂಟೆ ಎಲ್ಲಿ?

ಬಡ ಹಳ್ಳಿಗಳಲ್ಲಿ ಕಥೆಯೇ ಬೇರೆ. ನನ್ನನ್ನು ಕೇಳಿದರೆ ಇಡೀ ಚರ್ಚೆಯಲ್ಲಿ ರುಚಿ ಇರುವುದು ಇಲ್ಲೇ. 2011–12ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ದುಡಿಯುವ ಮಹಿಳೆಯರ 'ಸೇವಾ' ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳ ಹೆಸರಿನಲ್ಲಿ 100. ಮುಂದೆ ಅದನ್ನು 300 ಮತ್ತು 150 ಮಾಡಿದರು. ಬದುಕೋಕೆ ಸಾಲುವ ಹಣ ಅಲ್ಲವೇ ಅಲ್ಲ. ಆದರೆ ಕೂಲಿಗೆ ಹೋಗುವುದು ಕಡಿಮೆಯಾಗಿ ಸ್ವಂತ ಹೊಲದ ದುಡಿಮೆ ಜಾಸ್ತಿಯಾಯಿತು. ಕೀನ್ಯಾದಲ್ಲಿ ನೂರಾರು ಹಳ್ಳಿಗಳನ್ನು ಹೋಲಿಸಿ ನಡೆದ ದೊಡ್ಡ ಪ್ರಯೋಗವೂ ಅದನ್ನೇ ಹೇಳುತ್ತದೆ. ಅಲ್ಲಿ ದೊಡ್ಡವರಿಗೆ ದಿನಕ್ಕೆ ಸುಮಾರು 75 ಸೆಂಟ್, ಕೆಲವು ಹಳ್ಳಿಗಳಿಗೆ 12 ವರ್ಷದವರೆಗೆ ಅಂತ ಮಾತು ಕೊಟ್ಟಿದ್ದಾರೆ. ಒಟ್ಟು ದುಡಿಮೆ ಇಳಿಯಲಿಲ್ಲ. ಜನ ಕೂಲಿ ಬಿಟ್ಟು ಸಣ್ಣಪುಟ್ಟ ಸ್ವಂತ ವ್ಯಾಪಾರಕ್ಕೆ ಇಳಿದರು.

ಯಾಕೆ ಹೀಗೆ? ಕೂಲಿಯವನ ಒಂದು ಬೆಳಗನ್ನು ನೆನಪಿಸಿಕೊಳ್ಳಿ. ಅವನಿಗೆ ಎರಡೆಕರೆ ಹೊಲ ಇದೆ, ಬಿತ್ತುವ ಹದ ಬಂದಿದೆ. ಆದರೆ ಸಂಜೆ ಒಲೆ ಉರಿಯಬೇಕಾದರೆ ಇವತ್ತಿನ ಕೂಲಿ ಇವತ್ತೇ ಬೇಕು. ಮುಂಗಡ ಸಾಲ ತಂದಿದ್ದರೆ ಧಣಿ ಕರೆದ ದಿನ ಹೋಗಲೇಬೇಕು. ತನ್ನ ಹೊಲ ಹದ ಕಳೆದುಕೊಳ್ಳುತ್ತದೆ, ಇನ್ನೊಬ್ಬರ ಹೊಲ ಬಿತ್ತನೆಯಾಗುತ್ತದೆ. ಅವನ ಕೈಗೆ ನಾಲ್ಕು ದಿನದ ಅಕ್ಕಿಯಷ್ಟು ದುಡ್ಡು ಬಂದರೆ ಅವನು ಮಾಡುವ ಮೊದಲ ಕೆಲಸ, ಕೂಲಿಗೆ "ಇವತ್ತು ಬರಲ್ಲ" ಅನ್ನೋದು. ಧಣಿಯ ಕಣ್ಣಿಗೆ ಅವನು ಸೋಮಾರಿಯಾದ. ಅವನ ಬೆನ್ನನ್ನು ಕೇಳಿದರೆ ಅವತ್ತೇ ಜಾಸ್ತಿ ಬಗ್ಗಿದ ದಿನ. ಜನ ಕೆಲಸಕ್ಕೇ ಬರಲ್ಲ ಅನ್ನುವ ದೂರು ಕೇಳಿದಾಗೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಯಾರ ಕೆಲಸಕ್ಕೆ?

ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಯಾರಿಗೂ ಬೇಡದ ಕೊಳಕು ಕೆಲಸ, ಅಪಾಯದ ಕೆಲಸ, ರಾತ್ರಿ ಪಾಳಿ, ಇವನ್ನೆಲ್ಲ ಯಾರು ಮಾಡುತ್ತಾರೆ? "ಬೇಡ" ಅನ್ನುವ ಶಕ್ತಿ ಕೆಲಸಗಾರನಿಗೆ ಬಂದರೆ ಅಂಥ ಕೆಲಸಕ್ಕೆ ಕೂಲಿ ಏರಬೇಕಾಗುತ್ತದೆ, ಇಲ್ಲವೇ ಯಂತ್ರ ಬರಬೇಕಾಗುತ್ತದೆ. ಅದರ ಖರ್ಚು ಆ ಸೇವೆ ಪಡೆಯುವ ನಮ್ಮ ನಿಮ್ಮ ಮೇಲೆ ಬೀಳುತ್ತದೆ. ನನಗೆ ಇದು ನ್ಯಾಯ ಅನ್ನಿಸುತ್ತದೆ. ಆದರೆ ಪುಕ್ಕಟೆ ಅಲ್ಲ, ನೆನಪಿರಲಿ.

ದುಡ್ಡಿಗಾಗಿ ಮಾತ್ರ ಜನ ದುಡಿಯುತ್ತಾರಾ ಅನ್ನುವ ಮಾತಿಗೆ ಮತ್ತೆ ಮರೀಂಟಾಲ್‌ಗೆ ಹೋಗೋಣ. ಗಿರಣಿ ಮುಚ್ಚಿದ ಮೇಲೆ ಊರಿನವರ ಹತ್ತಿರ ಸಮಯ ರಾಶಿ ಬಿದ್ದಿತ್ತು. ಊರಿನ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಮಾತ್ರ ಸುಮಾರು ಅರ್ಧಕ್ಕೆ ಇಳಿಯಿತು. ಸಂಶೋಧಕರು ಗಡಿಯಾರ ಹಿಡಿದು, ಮುಖ್ಯ ಬೀದಿಯಲ್ಲಿ ಓಡಾಡುವವರ ನಡಿಗೆಯ ವೇಗ ಅಳೆದರು. ಗಂಡಸರು ನಿಧಾನ ನಡೆಯುತ್ತಿದ್ದರು, ನಡುನಡುವೆ ಸುಮ್ನೆ ನಿಂತುಬಿಡುತ್ತಿದ್ದರು. ಹೆಂಗಸರ ನಡಿಗೆ ಚುರುಕಾಗಿತ್ತು, ಯಾಕೆಂದರೆ ಗಿರಣಿ ಮುಚ್ಚಿದರೂ ಮನೆಗೆಲಸ ಮುಚ್ಚಿರಲಿಲ್ಲ. ಕೆಲಸ ಅಂದರೆ ಸಂಬಳದ ಜೊತೆಗೆ ದಿನಕ್ಕೊಂದು ಆಕಾರ, ನಾಲ್ಕು ಜನರ ಸಂಗ, ತಾನು ಬೇಕಾದವನು ಅನ್ನುವ ಭಾವ. ಜನಕ್ಕೆ ಇದು ತಮ್ಮ ವಿಷಯದಲ್ಲಿ ಚೆನ್ನಾಗಿ ಗೊತ್ತು, ಬೇರೆಯವರ ವಿಷಯದಲ್ಲಿ ಮರೆಯುತ್ತದೆ. ನಿಮ್ಮ ಅಣ್ಣನನ್ನೇ ಕೇಳಿ ನೋಡಿ, ಆ ಹಣ ಬಂದರೆ ಅವರು ನಾಳೆ ರಾಜೀನಾಮೆ ಕೊಡ್ತಾರಾ ಅಂತ.

ಇನ್ನು ಅಣ್ಣ ಎತ್ತದೇ ಬಿಟ್ಟ ಆಕ್ಷೇಪ. ಇಲ್ಲಿವರೆಗಿನ ಪ್ರಯೋಗಗಳಲ್ಲೆಲ್ಲ ಹಣ ಹೊರಗಿನಿಂದ ಬಂತು. ಪಡೆದವರಿಗೆ ಅದರ ಸಲುವಾಗಿ ಹೊಸ ತೆರಿಗೆ ಬೀಳಲಿಲ್ಲ. ಇಡೀ ದೇಶಕ್ಕೆ ಕೊಡುವಾಗ ಹಾಗಾಗುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ. ದೇಶದ ತಲಾ ಆದಾಯ 100 ಅಂದುಕೊಳ್ಳಿ. ಒಬ್ಬೊಬ್ಬರಿಗೂ 25 ಕೊಡಬೇಕು. ಆಗ ದೇಶದ ಒಟ್ಟು ಆದಾಯದ ಕಾಲು ಭಾಗ ಇದೊಂದಕ್ಕೇ ಬೇಕು. ಜನಸಂಖ್ಯೆ ಎಷ್ಟೇ ಇರಲಿ, ಈ ಕಾಲು ಭಾಗ ಬದಲಾಗದು. ರಸ್ತೆ, ಶಾಲೆ, ಆಸ್ಪತ್ರೆಯ ಖರ್ಚು ಇದರ ಮೇಲೆ.

ಈಗ ಸರಿಯಾಗಿ 100 ದುಡಿಯುವ ಒಬ್ಬ ಮಧ್ಯಮ ವರ್ಗದವನನ್ನು ನೋಡಿ. ಎಲ್ಲರಿಗೂ ಒಂದೇ ದರದ ತೆರಿಗೆ ಅಂತ ಇಟ್ಟುಕೊಂಡರೆ ಅವನು 25 ಕಟ್ಟುತ್ತಾನೆ, 25 ವಾಪಸ್ ಪಡೆಯುತ್ತಾನೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅವನು ಓವರ್‌ಟೈಂ ಮಾಡಿ ಇನ್ನೊಂದು 20 ದುಡಿದರೆ ಅದರಲ್ಲಿ 5 ಹೊಸದಾಗಿ ಹೋಗುತ್ತದೆ, ಅದೂ ಮೊದಲೇ ಇರುವ ತೆರಿಗೆಯ ಜೊತೆಗೆ. ಬಡವನ ಕುತ್ತಿಗೆಯ ಮೇಲಿದ್ದ ಕತ್ತರಿ ತೆಳ್ಳಗಾಗಿ ಎಲ್ಲರ ಸಂಬಳದ ಮೇಲೆ ಹರಡಿಕೊಂಡಿತು. ಮಾಯವಾಗಲಿಲ್ಲ. ಕೆಲಸದ ಉತ್ಸಾಹ ಕುಗ್ಗುವುದಾದರೆ ಅದು ಹಣ ಪಡೆಯುವ ಬಡವನಲ್ಲಿ ಅಲ್ಲ, ತೆರಿಗೆ ಕಟ್ಟುವ ಈ ಮನುಷ್ಯನಲ್ಲಿ ಅಂತ ನನ್ನ ಅನುಮಾನ. ಎರಡು ಸಾವಿರ ಜನರ ಪ್ರಯೋಗದಲ್ಲಿ ಇದು ಕಾಣುವುದೂ ಇಲ್ಲ.

ಅಮೆರಿಕದ ಅಲಾಸ್ಕಾದವರು 1982ರಿಂದ ರಾಜ್ಯದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಹಣ ಹಂಚುತ್ತಿದ್ದಾರೆ. ಡೇಮನ್ ಜೋನ್ಸ್, ಇಯೋನಾ ಮರಿನೆಸ್ಕು ಅಧ್ಯಯನದ ಪ್ರಕಾರ ಒಟ್ಟು ಉದ್ಯೋಗ ಇಳಿದಿಲ್ಲ, ಪಾರ್ಟ್‌ಟೈಂ ಕೆಲಸ ಸ್ವಲ್ಪ ಹೆಚ್ಚಾಗಿದೆ. ಆದರೆ ಅದು ತೈಲದ ದುಡ್ಡು. ಯಾರ ಸಂಬಳಕ್ಕೂ ಕೈ ಹಾಕಬೇಕಾಗಿಲ್ಲ. ಹಣ ಹಂಚಿಕೆಯೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಾವಿರ ಡಾಲರ್, ಅಷ್ಟೇ. ಭೂಮಿಯಡಿ ತೈಲ ಇಲ್ಲದ ಸ್ವಿಟ್ಜರ್ಲೆಂಡಿನ ಜನ 2016ರ ಜೂನ್‌ನಲ್ಲಿ ಈ ವಿಷಯಕ್ಕೇ ಮತ ಹಾಕಿದರು. ಸುಮಾರು ಶೇ. 77 ಮಂದಿ ಬೇಡ ಅಂದರು.

ಹಾಗಾಗಿ ಮುಂದಿನ ಸಲ ವಾದಕ್ಕೆ ಕೂತಾಗ "ಜನ ಸೋಮಾರಿಗಳಾಗ್ತಾರಾ" ಅನ್ನೋದನ್ನು ಬಿಟ್ಟು ಎರಡು ಸಂಖ್ಯೆ ಕೇಳಿ: ಎಷ್ಟು ಕೊಡ್ತಾರೆ, ಅದಕ್ಕೆ ಯಾರ ಮೇಲೆ ಎಷ್ಟು ತೆರಿಗೆ. ಸಣ್ಣ ಮೊತ್ತ, ಕತ್ತರಿ ಇಲ್ಲದೆ, ಬಡವರೇ ಹೆಚ್ಚಿರುವ ಕಡೆ ಕೊಡುವುದಾದರೆ ನಾನು ನಿಮ್ಮ ಪಕ್ಷ. ಕೂತು ಉಣ್ಣುವಷ್ಟು ದೊಡ್ಡ ಮೊತ್ತ, ಇಡೀ ದೇಶಕ್ಕೆ, ಸಂಬಳದ ತೆರಿಗೆಯಿಂದ ಅಂದರೆ ನಾನು ಅಣ್ಣನ ಪಕ್ಕ ಕೂರುತ್ತೇನೆ. ಅವರ ಕಾರಣಕ್ಕಲ್ಲ, ನನ್ನ ಕಾರಣಕ್ಕೆ.

ಕುಡಿತದ ಮಾತು ಉಳಿಯಿತು. ಡೇವಿಡ್ ಇವಾನ್ಸ್, ಅನ್ನಾ ಪೊಪೋವಾ ಎಂಬ ಇಬ್ಬರು ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದೇ ಪ್ರಶ್ನೆ ಕೇಳಿದ್ದಾರೆ. ಬಡವರಿಗೆ ನಗದು ಕೊಟ್ಟಾಗ ಹೆಂಡ, ತಂಬಾಕಿನ ಖರ್ಚು ಏರುವುದು ಅಪರೂಪ. ಹೆಚ್ಚಿನ ಕಡೆ ಅದು ಇದ್ದಲ್ಲೇ ಇತ್ತು, ಇಲ್ಲವೇ ಇಳಿದಿತ್ತು. ಈ ಒಂದು ಅಂಕ ಪೂರ್ತಿ ನಿಮ್ಮದೇ, ಅಣ್ಣನಿಗೆ ಧಾರಾಳವಾಗಿ ಹೇಳಿ.